ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಬೆಳಗ್ಗೆ ‘ಟಸ್ ಟಸ್’ ಸದ್ದು: ಲೀಕ್ ಎಲ್ಲಿ?

ಪ್ರಶ್ನೆ, ಕ್ಯಾತಸಂದ್ರದಿಂದ

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್. ಹಳೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಹೇಗೂ ಬದಲಾಯಿಸಲೇಬೇಕಲ್ವಾ ಅಂತ ಹೊರಗಡೆಯ ಸ್ಟೀಲ್ ಸೆಟ್ ಹಾಕಿಸಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಿಲ್ಲ. ಅದರ ಹಿಂದಿನ ಪೈಪು, ಡಬ್ಬ ಮಾತ್ರ ಹೊಸದು.

ಎಂಟು ದಿನ ಚೆನ್ನಾಗಿತ್ತು. ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಹೊಟ್ಟೆಯ ಕೆಳಗೆ ‘ಟಸ್ ಟಸ್’ ಅನ್ನುತ್ತದೆ. ಹತ್ತು ನಿಮಿಷ ಓಡಿಸಿದರೆ ಸದ್ದು ಮುಕ್ಕಾಲು ಪಾಲು ನಿಲ್ಲುತ್ತದೆ. ಡಬ್ಬದ ಕೆಳಗೆ ನೀರೂ ಹನಿಯುತ್ತದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಹಾಕಿದವರಿಗೆ ಫೋನ್ ಮಾಡಿದರೆ ‘ಬೋಲ್ಟ್ ಟೈಟ್ ಮಾಡಿ, ಸಾಕು’ ಅಂದರು. ಮಾಡಿದೆ. ಒಂದು ಬೋಲ್ಟ್ ಈಗ ಸುಮ್ನೆ ತಿರುಗುತ್ತಿದೆ. ಸದ್ದು ಹಾಗೇ ಇದೆ.

ಉತ್ತರ, ಶಿರಾ ಗೇಟ್‌ನಿಂದ

ಸಂದು ಮುಚ್ಚುವ ಎಕ್ಸಾಸ್ಟ್ ಪೇಸ್ಟ್ ಬಳಿದುಬಿಡಿ ಗುರು. ಅರ್ಧ ಗಂಟೆ ಕೆಲಸ.

ಉತ್ತರ, ಗುಬ್ಬಿಯಿಂದ

ಪೇಸ್ಟ್ ಆಮೇಲೆ. ಎಲ್ಲಿ ಬಳಿಯಬೇಕು ಅಂತ ಮೊದಲು ಗೊತ್ತಾಗಬೇಕಲ್ಲ ಸಾರ್!

ತಣ್ಣಗಿದ್ದಾಗ ಸದ್ದು, ಬಿಸಿಯಾದರೆ ಕಮ್ಮಿ ಅಂದಿರಿ. ಲೋಹ ಬಿಸಿಗೆ ಹಿಗ್ಗಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತಿದೆ. ಹಾಗಾಗಿ ಇದು ದೊಡ್ಡ ಬಿರುಕಲ್ಲ, ಜಾಯಿಂಟ್‌ನಲ್ಲಿ ಕೂದಲೆಳೆಯಷ್ಟು ಸಂದು ಇರಬೇಕು. ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲೇ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಮೋಸ ಹೋಗಿ ಪೆಟ್ರೋಲ್ ಜಾಸ್ತಿ ಕೊಡಿಸುತ್ತದೆ, ಮೈಲೇಜ್ ಬೀಳುತ್ತದೆ. ನಿಮಗೆ ಲೈಟ್ ಬಂದಿಲ್ಲ, ಮುಟ್ಟಿದ್ದೂ ಹಿಂದಿನ ಭಾಗ. ಅಲ್ಲೇ ಹುಡುಕಿ.

ಹುಡುಕುವುದಕ್ಕೆ ಎಂಜಿನ್ ಬೇಕಿಲ್ಲ. ಗಾಡಿ ಪೂರ್ತಿ ತಣ್ಣಗಿರಲಿ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಗಾಳಿ ಊದುವ ಕಡೆ ಇದ್ದರೆ ಪೈಪನ್ನು ಅಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಹಳೆ ಬಟ್ಟೆ ಸುತ್ತಿ ಇಡಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಜಾಯಿಂಟ್‌ಗೂ, ಪ್ರತಿ ವೆಲ್ಡಿಂಗ್ ಗೆರೆಗೂ ಸ್ಪ್ರೇ ಮಾಡಿ. ಗುಳ್ಳೆ ಎದ್ದ ಕಡೆ ಲೀಕ್. ಮೇಲ್ಭಾಗ ಕಣ್ಣಿಗೆ ಕಾಣುವುದಿಲ್ಲ, ಕನ್ನಡಿ ಹಿಡಿದು ನೋಡಿ. ನಾನು ಒಮ್ಮೆ ಕನ್ನಡಿ ಇಲ್ಲದೆ ಎರಡು ಭಾನುವಾರ ಹಾಳು ಮಾಡಿಕೊಂಡಿದ್ದೇನೆ. ಕಪ್ಪು ಮಸಿ ಚಿಮ್ಮಿದ ಗುರುತಿದ್ದರೆ ಅದೂ ಸುಳಿವೇ.

ಗಾಡಿ ಕೆಳಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ. ಇಟ್ಟಿಗೆಯನ್ನಂತೂ ಮೊದಲೇ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ. ಸ್ಟ್ಯಾಂಡ್ ಇಡಿ. ಲೀಕ್ ಇರುವಷ್ಟು ದಿನ ಶೆಡ್ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನೊಂದು. ಜಾಯಿಂಟ್ ನಡುವೆ ಸಂದು ಮುಚ್ಚಲು ಇಡುವ ಗ್ಯಾಸ್ಕೆಟ್ ಹಳೆಯದನ್ನೇ ಮತ್ತೆ ಹಾಕಿದ್ದಾರಾ ಕೇಳಿ. ಒಮ್ಮೆ ಅದುಮಿದ ಗ್ಯಾಸ್ಕೆಟ್ ಎರಡನೇ ಸಲ ಸರಿಯಾಗಿ ಕೂರುವುದು ಅಪರೂಪ.

ಉತ್ತರ, ತಿಪಟೂರಿನಿಂದ

ಸೌಂಡ್ ಎಷ್ಟಿದೆ ಅಣ್ಣ? ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್‌ನಲ್ಲಿ ಶಬ್ದ ಮಾಲಿನ್ಯಕ್ಕೆ ಮೊದಲ ಸಲವೇ 10,000 ರೂಪಾಯಿ ತನಕ ದಂಡ ಇದೆ. ಬಿ.ಎಚ್. ರೋಡ್‌ನಲ್ಲಿ ಓಡಾಡುವವರು ನೀವು, ಅದಕ್ಕೆ ಹೇಳಿದೆ.

ಮತ್ತೆ ಕ್ಯಾತಸಂದ್ರದಿಂದ

ತಿಪಟೂರಿನವರೇ, ಲೀಕ್ ಬಿಟ್ಟರೆ ಗಾಡಿ ಸಾಧು. ಪಕ್ಕದ ಮನೆಯವರು ಇನ್ನೂ ಮಾತಾಡಿಸುತ್ತಿದ್ದಾರೆ.

ಗುಬ್ಬಿ ಸಾರ್, ಇವತ್ತು ಸೋಪು ನೀರು ಹೊಡೆದೆ. ವೆಲ್ಡಿಂಗ್ ಎಲ್ಲ ಸರಿ ಇದೆ. ಕನ್ವರ್ಟರ್ ಹಿಂದಿನ ಫ್ಲೇಂಜ್‌ನಲ್ಲಿ (ಎರಡು ಪೈಪಿನ ತಟ್ಟೆಗಳನ್ನು ಬೋಲ್ಟ್ ಹಾಕಿ ಸೇರಿಸುವ ಜಾಗ) ಗುಳ್ಳೆ, ಅದೂ ಮೇಲ್ಭಾಗದಲ್ಲಿ ಮಾತ್ರ. ಕೆಳಗೆ ಎರಡೂ ತಟ್ಟೆ ಅಂಟಿಕೊಂಡಿವೆ, ಮೇಲೆ ಬ್ಲೇಡ್ ತೂರುತ್ತದೆ. ಗ್ಯಾಸ್ಕೆಟ್ ಹಳೆಯದೇ. ಡಬ್ಬದ ಕೆಳಗೆ ಒಂದು ಸಣ್ಣ ತೂತಿನಿಂದಲೂ ಗುಳ್ಳೆ ಬಂತು. ಅದನ್ನು ವೆಲ್ಡ್ ಮಾಡಿಸಲಾ?

ಉತ್ತರ, ಗುಬ್ಬಿಯಿಂದ

ಅಯ್ಯೋ, ಆ ತೂತು ಮುಚ್ಚಬೇಡಿ! ಅಂಚು ದುಂಡಗೆ, ನೀಟಾಗಿ ಇದ್ದರೆ ಅದು ನೀರು ಹೋಗಲಿ ಅಂತ ಅವರೇ ಕೊರೆದದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ತಣ್ಣಗಿನ ಡಬ್ಬದಲ್ಲಿ ಆವಿ ಹನಿಯಾಗುತ್ತದೆ. ಮುಚ್ಚಿದರೆ ಒಳಗೇ ನಿಂತು ತುಕ್ಕಿಗೆ ದಾರಿ.

ಫ್ಲೇಂಜ್ ವಿಷಯಕ್ಕೆ ಬರೋಣ. ಮೇಲೆ ಸಂದು, ಕೆಳಗೆ ಬಿಗಿ ಅಂದರೆ ಪೈಪ್ ಓರೆಯಾಗಿ ಕೂತಿದೆ. ಹಿಂದಿನ ಹ್ಯಾಂಗರ್ ರಬ್ಬರ್ ನೋಡಿ, ಡಬ್ಬದ ಕೊಕ್ಕೆ ನೇತಾಡುವುದು ಅದರಲ್ಲೇ. ಹೊಸ ಸೆಟ್‌ನ ಕೊಕ್ಕೆ ಅರ್ಧ ಇಂಚು ಆಚೀಚೆ ಇದ್ದರೂ ಡಬ್ಬದ ತೂಕವೋ ರಬ್ಬರಿನ ಎಳೆತವೋ ಫ್ಲೇಂಜ್ ಮೇಲೆ ಬೀಳುತ್ತದೆ. ಬೋಲ್ಟ್ ಎಷ್ಟು ತಿರುವಿದರೂ ಅದು ಸರಿಹೋಗಲ್ಲ, ಥ್ರೆಡ್ ಹೋಗುತ್ತದೆ. ನಿಮಗೆ ಆಗಿರುವುದು ಅದೇ.

ಎಲ್ಲ ಬೋಲ್ಟ್, ಕ್ಲಾಂಪ್ ಸಡಿಲ ಮಾಡಿ. ಡಬ್ಬವನ್ನು ರಬ್ಬರ್‌ಗಳಲ್ಲಿ ನೇತುಹಾಕಿ, ಕೈಯಲ್ಲಿ ಅಲ್ಲಾಡಿಸಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ನೋಡಿ. ಆಗ ಎರಡು ಫ್ಲೇಂಜ್ ಒತ್ತಾಯವಿಲ್ಲದೆ ಮುಖಾಮುಖಿ ಆಗಬೇಕು. ಆಗದಿದ್ದರೆ ಕೊಕ್ಕೆಯನ್ನು ಬಗ್ಗಿಸಬೇಕು, ಇಲ್ಲ ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಬೇಕು. ಫ್ಲೇಂಜ್ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಇಟ್ಟು, ಹೊಸ ಬೋಲ್ಟ್ ಹಾಕಿ. ಒಂದನ್ನೇ ಪೂರ್ತಿ ಬಿಗಿಯಬೇಡಿ. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ. ಮುಂದಿನ ಜಾಯಿಂಟ್ ಮೊದಲು, ಹಿಂದಿನದು ಕೊನೆಗೆ. ಒಂದೆರಡು ದಿನ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಇಟ್ಟು ನೋಡಿ.

ಮತ್ತೆ ಕ್ಯಾತಸಂದ್ರದಿಂದ

ಆಯ್ತು! ಡಬ್ಬದ ಹಿಂದಿನ ಕೊಕ್ಕೆ ಒಂದು ಬೆರಳಿನಷ್ಟು ಮೇಲಿತ್ತು. ಹಾಗಾಗಿ ಡಬ್ಬ ಕೆಳಗೆ ಜೋತುಬಿದ್ದಿತ್ತು, ಅದಕ್ಕೇ ಮುಂದಿನ ಫ್ಲೇಂಜ್ ಮೇಲ್ಗಡೆ ಬಾಯಿ ಬಿಟ್ಟಿತ್ತು. ಅಂತರಸನಹಳ್ಳಿ ಕಡೆ ಒಬ್ಬ ವೆಲ್ಡಿಂಗ್‌ನವರು ಕೊಕ್ಕೆ ಕತ್ತರಿಸಿ ಸರಿಯಾದ ಜಾಗಕ್ಕೆ ಕೂರಿಸಿದರು. ಗ್ಯಾಸ್ಕೆಟ್, ಬೋಲ್ಟ್ ಹೊಸದು. ಪೇಸ್ಟ್ ಹಚ್ಚಲಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದೆ, ಟಸ್ ಇಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಹತ್ತಿ ಇಳಿದು ಬಂದು ಮತ್ತೆ ಸೋಪು ನೀರು ಹೊಡೆದೆ. ಫ್ಲೇಂಜ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. ಡಬ್ಬದ ತೂತು ಹನಿಯುತ್ತಲೇ ಇದೆ, ಹನಿಯಲಿ ಬಿಡಿ.