ಟ್ರೋಲ್, ರೀಲ್ಸ್, ಡಿಪಿ: ಕನ್ನಡ ನಿಘಂಟಿಗೆ ಹಾಕೋದಾದ್ರೆ ಯಾವ ರೂಪ, ಯಾವ ಅರ್ಥ?

ಎಲ್ರಿಗೂ ನಮಸ್ಕಾರ,

ಟ್ರೋಲ್ ಅನ್ನೋ ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು. ಇಂಗ್ಲಿಷ್ ನಿಘಂಟುಗಳು ಇದರ ಅಂತರ್ಜಾಲದ ಅರ್ಥ ಹೇಳೋವಾಗ, ಬೇಕಂತಲೇ ಕೆಣಕೋ ಮಾತು ಬರೆದು ಬೇರೆಯವರನ್ನ ರೇಗಿಸಿ ಜಗಳಕ್ಕೆ ಎಳೆಯೋನು ಅಂತ ಹೇಳ್ತವೆ. ನಮ್ಮಲ್ಲಿ "ಆ ಮಂತ್ರೀನ ಸಿಕ್ಕಾಪಟ್ಟೆ ಟ್ರೋಲ್ ಮಾಡ್ತಿದಾರೆ" ಅಂದ್ರೆ ಯಾರಾದ್ರೂ ಹಾಗೆ ಅರ್ಥ ಮಾಡ್ಕೋತಾರಾ? ಹತ್ತಾರು ಜನ ಸೇರ್ಕೊಂಡು ಅವರ ಹಳೇ ವಿಡಿಯೊ ಹುಡುಕಿ, ಅದಕ್ಕೊಂದು ಸಿನಿಮಾ ಡೈಲಾಗ್ ಸೇರಿಸಿ, ಮೀಮ್ ಮಾಡಿ ಎಲ್ಲರ ಮುಂದೆ ಗೇಲಿ ಮಾಡ್ತಿದಾರೆ ಅಂತಲೇ ತಾನೆ ಅರ್ಥ. ಕೆಣಕೋದು ಹೋಯ್ತು, ಗೇಲಿ ಉಳೀತು.

ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿದ್ರೆ ವ್ಯತ್ಯಾಸ ಅಷ್ಟಕ್ಕೇ ನಿಲ್ಲಲ್ಲ. ಇಂಗ್ಲಿಷಲ್ಲಿ ಟ್ರೋಲ್ ಅಂದ್ರೆ ಮುಖ್ಯವಾಗಿ ಮನುಷ್ಯ, ನಮ್ಮಲ್ಲಿ ಆ ಪೋಸ್ಟೇ ಟ್ರೋಲ್, "ನಿನ್ನೆ ಒಂದು ಟ್ರೋಲ್ ಬಂದಿದೆ ನೋಡು, ಕಳಿಸ್ತೀನಿ" ಅಂತೀವಲ್ಲ ಹಾಗೆ. ಮಾಡೋರಿಗೆ ಟ್ರೋಲಿಗರು ಅಂತ ಪತ್ರಿಕೆಗಳೇ ಬರೀತಿವೆ, ಕನ್ನಡಿಗ, ಗಾಣಿಗದಲ್ಲಿರೋ ಅದೇ ಇಗ ಪ್ರತ್ಯಯ. ಗುರಿಯಾದವರು "ಟ್ರೋಲ್ ಆದ್ರು". ಅಂದ್ರೆ ಒಂದು ನಾಮಪದ, ಮಾಡು ಸೇರಿ ಒಂದು ಕ್ರಿಯಾಪದ, ಆಗು ಸೇರಿ ಇನ್ನೊಂದು, ಅದರ ಮೇಲೆ ಒಂದು ತದ್ಧಿತ, ಇಷ್ಟೆಲ್ಲ ಇದ್ಮೇಲೆ ಇದು ಕನ್ನಡದ ಪದ ಅಲ್ಲ ಅಂತ ಹೇಗೆ ಹೇಳೋದು? ಇಂಗ್ಲಿಷ್ ನಿಘಂಟಿನ ಅರ್ಥ ತಂದು ಇದಕ್ಕೆ ಅಂಟಿಸಿದ್ರೆ ಅದು ತಪ್ಪು ಅರ್ಥ ಅಂತಲೇ ನನ್ನ ವಾದ.

ಈ ಪ್ರಶ್ನೆ ಬಂದಿದ್ದು ಯಾಕಂದ್ರೆ, ನೆಟ್ಟಿನ ಭಾಷೆ ನಿಘಂಟಿಗೆ ಸೇರೋ ಮಾತು ಬಂದಾಗೆಲ್ಲ ನಾವು ಆಕ್ಸ್‌ಫರ್ಡ್ ಕಡೆ ಬೆರಳು ತೋರಿಸ್ತೀವಿ. ಅವರು 2011ರಲ್ಲಿ ಓಎಂಜಿ (ಓ ಮೈ ಗಾಡ್), ಎಲ್‌ಒಎಲ್ (ಜೋರಾಗಿ ನಗ್ತಿದೀನಿ ಅನ್ನೋದು) ಎರಡನ್ನೂ ಸೇರಿಸಿದ್ರು, 2013ರಲ್ಲಿ ಸೆಲ್ಫಿ ಅವರ ವರ್ಷದ ಪದ ಆಯ್ತು, 2015ರಲ್ಲಂತೂ ನಗ್ತಾ ನಗ್ತಾ ಕಣ್ಣೀರು ಬರೋ ಇಮೋಜಿನೇ ವರ್ಷದ ಪದ. ಅಲ್ಲಿಗೂ ಜನ ಬೈದ್ರು. ಆದ್ರೆ ಅವರು ಮಾಡೋ ಕೆಲಸ ಗಮನಿಸಿ, ಓಎಂಜಿಗೆ ಸಿಕ್ಕ ಅತಿ ಹಳೇ ಪ್ರಯೋಗ 1917ರದ್ದು, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿದೆ. ಹುಡುಗರ ಚಾಟಿನ ಪದ ಅಂತ ತಳ್ಳಿಹಾಕದೆ ಅದರ ಬೇರು ಹುಡುಕಿದ್ರು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೂ ಶಾಸನ, ಕಾವ್ಯಗಳಿಂದ ಪ್ರಯೋಗ ಎತ್ತಿಕೊಟ್ಟೇ ಅರ್ಥ ಹೇಳಿದ್ದು, ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ಇಗೋ ಕನ್ನಡ ಅಂಕಣದಲ್ಲಿ ಓದುಗರ ಸಣ್ಣ ಸಣ್ಣ ಅನುಮಾನಕ್ಕೂ ಉತ್ತರ ಕೊಡ್ತಿದ್ರು. ಆ ಶ್ರದ್ಧೆ ಈಗಿನ ಪದಗಳಿಗೂ ಸಿಗಬೇಕು ಅನ್ನೋದೇ ನನ್ನ ಆಸೆ.

ಹಾಗಂತ ಎಲ್ಲಾನೂ ತುಂಬಿ ಅಂತ ಹೇಳ್ತಿಲ್ಲ. ಕಾಮೆಂಟಲ್ಲಿ ಬರೋ ಲೋಲ್, ಅದೇ ಎಲ್‌ಒಎಲ್, ನೋಡಿ, ಅದಕ್ಕೆ ಯಾವ ವಿಭಕ್ತಿನೂ ಹತ್ತಲ್ಲ, ವಾಕ್ಯದ ಕೊನೇಲಿ ಸುಮ್ನೆ ನಿಂತಿರುತ್ತೆ, ಆಶ್ಚರ್ಯಸೂಚಕ ಚಿಹ್ನೆ ಥರ. ಅದು ಸದ್ಯಕ್ಕೆ ಹೊರಗಿರಲಿ. ಡಿಪಿ ಹಾಗಲ್ಲ, "ಡಿಪೀಲಿ ಯಾರ ಫೋಟೊ?", "ಡಿಪಿಗೆ ಇದನ್ನೇ ಹಾಕು", "ಡಿಪಿ ಚೇಂಜ್ ಮಾಡ್ದೆ" ಅಂತ ಇಂಗ್ಲಿಷ್ ಓದದ ನಮ್ಮ ಅಜ್ಜಿಯಂದಿರೂ ಹೇಳ್ತಾರೆ, ಆ ಎರಡು ಅಕ್ಷರದ ಹಿಂದಿರೋ ಇಂಗ್ಲಿಷ್ ಪದಗಳು ಅವರಿಗೆ ಬೇಕಾಗೇ ಇಲ್ಲ. ಕುವೆಂಪು, ಪುತಿನ, ತರಾಸು, ಅನಕೃ, ಕಸಾಪ ಅಂತ ಮೊದಲಕ್ಷರಗಳನ್ನೇ ಹೆಸರು ಮಾಡ್ಕೊಂಡು ಪುತಿನರಿಗೆ, ಕಸಾಪದಲ್ಲಿ ಅಂತ ಸಲೀಸಾಗಿ ಬರಿಯೋ ಭಾಷೆ ನಮ್ದು, ಡಿಪಿ ನಮಗೆ ಭಾರ ಆಗುತ್ತಾ?

ಇನ್ನು ರೂಪದ ವಿಷಯ, ಇಲ್ಲೇ ನನಗೆ ನಿಮ್ಮ ಸಹಾಯ ಜಾಸ್ತಿ ಬೇಕಿರೋದು. ಹೊರಗಿನ ವ್ಯಂಜನಾಂತ ಪದ ನಮ್ಮಲ್ಲಿಗೆ ಬಂದ್ರೆ ಕೊನೆಗೆ ಉ ಹತ್ತುತ್ತೆ, ಹಿಂದೆ ಹ್ರಸ್ವ ಇದ್ರೆ ಒತ್ತು ಬರುತ್ತೆ, ಬಸ್ಸು, ಪೆನ್ನು. ದೀರ್ಘ ಇದ್ರೆ ಬರಲ್ಲ, ಕಾರು, ಲೇಟು. ಈ ಲೆಕ್ಕದಲ್ಲಿ ಟ್ರೋಲು, ಮೀಮು, ಕ್ಲಿಪ್ಪು ಅಂತಾಗ್ಬೇಕು, ಮಾತಲ್ಲಿ ಆಗ್ತಾನೂ ಇದೆ. ಆದ್ರೆ ಬರಹದಲ್ಲಿ ಟ್ರೋಲ್, ಮೀಮ್ ಅಂತಲೇ ನಿಲ್ಲಿಸ್ತೀವಿ. ನನಗೆ ಟ್ರೋಲು ಅಂತ ಮುಖ್ಯ ಉಲ್ಲೇಖ (ನಿಘಂಟಲ್ಲಿ ಅರ್ಥ ಕೊಡೋ ಪದ) ಕೊಟ್ಟು ಟ್ರೋಲ್ ಅನ್ನೋದನ್ನ ಪರ್ಯಾಯ ಅಂತ ತೋರಿಸೋದು ಸರಿ ಅನ್ಸುತ್ತೆ. ಗೂಗಲ್ ಮಾಡು ಜೊತೆ ಗೂಗಲಿಸು ಕೂಡ ಬಳಕೇಲಿದೆ, ಸಂಸ್ಕೃತದ ಸ್ತುತಿಗೆ ಇಸು ಹಚ್ಚಿ ಸ್ತುತಿಸು ಮಾಡ್ಕೊಂಡ ಹಾಗೇ ಇದು, ಎರಡನ್ನೂ ಕೊಡ್ಬೇಕು.

ರೀಲ್ಸ್ ಇದೆಯಲ್ಲ, ಅದು ನಿಜಕ್ಕೂ ತಲೆ ತಿನ್ನೋ ಪದ. ಇಂಗ್ಲಿಷಲ್ಲಿ ಅದು ಬಹುವಚನ, ನಮ್ಮಲ್ಲಿ "ಒಂದು ರೀಲ್ಸ್ ಮಾಡಿದೀನಿ, ನೋಡು" ಅಂತೀವಿ, ಬಹುವಚನಕ್ಕೆ ರೀಲ್ಸ್‌ಗಳು. ಇದನ್ನ ತಿದ್ದೋಕೆ ಹೋಗಿ ರೀಲ್ ಅಂತ ಬರೆದ್ರೆ ದಾರದ ರೀಲು, ರೀಲು ಬಿಡೋದು ಇವೇ ನೆನಪಾಗುತ್ತೆ. ಬಿಡಿಸಿ ಸುತ್ತೋ ರೀಲು ಬೇರೆ ಪದ, ಫೋನಲ್ಲಿ ನೋಡೋ ರೀಲ್ಸ್ ಬೇರೆ ಪದ ಅಂತ ಎರಡು ಉಲ್ಲೇಖ ಕೊಡೋದೇ ಸರಿ, ರೀಲ್ಸ್‌ಗೆ ಏಕವಚನ ಅಂತ ಸ್ಪಷ್ಟವಾಗಿ ನಮೂದಿಸ್ಬೇಕು.

ಧಾರವಾಡ, ಕಲಬುರಗಿ, ಮಂಗಳೂರು, ಚಾಮರಾಜನಗರ ಕಡೆಯವರು ದಯವಿಟ್ಟು ಬರೀರಿ. ನಿಮ್ಮಲ್ಲಿ ಟ್ರೋಲ್ ಮಾಡು ಅನ್ನೋದು ಗೇಲಿಗೆ ಮಾತ್ರಾನಾ, ಅಥವಾ ಮನೇಲಿ ಅಣ್ಣ ತಂಗೀನ ಕಾಡ್ಸೋದಕ್ಕೂ ಹೇಳ್ತೀರಾ? ಟ್ರೋಲಿಸು ಅಂತ ಯಾರಾದ್ರೂ ಬಳಸೋದು ಕೇಳಿದೀರಾ? ಅರ್ಥ ಬರೆಯೋದಕ್ಕಿಂತ ನೀವು ಕೇಳಿದ ವಾಕ್ಯವನ್ನ ಇದ್ದ ಹಾಗೇ ಹಾಕಿದ್ರೆ ಒಳ್ಳೇದು, ಯಾವ ಊರಿನ ಮಾತು ಅಂತಲೂ ಜೊತೇಲಿ ತಿಳಿಸಿ.