60 ಯೂರೋಗೆ ಆರು ಫ್ರೆಂಚ್ ವೈನ್: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ತುಲೂಸ್): ಬರುವ ತಿಂಗಳು ಗೆಳೆಯರು ಸೇರುತ್ತಿದ್ದೇವೆ. ಬೋರ್ದೋ, ಬರ್ಗಂಡಿಗಳನ್ನು ಬಿಟ್ಟು, ಹೆಚ್ಚು ಹೆಸರು ಕೇಳಿರದ ಸೀಮೆಗಳ ಆರು ಬಾಟಲಿಗಳನ್ನು ಒಟ್ಟು 60 ಯೂರೋ ಒಳಗೆ ಕೊಳ್ಳಬೇಕೆಂದಿದ್ದೇವೆ. ಯಾವುದು ಒಳ್ಳೆಯದು?

ಪೋ ಊರಿನಿಂದ: ನನ್ನ ಮಟ್ಟಿಗೆ ಮಾದಿರಾಂ ಎಂಬ ಕೆಂಪು ವೈನ್ ಒಂದೇ. ಆರು ವರ್ಷಗಳ ಹಿಂದೆ ಬಾಟಲಿಗೆ 9 ಯೂರೋ 40 ಸೆಂಟಿನಂತೆ ಹನ್ನೆರಡನ್ನು 112 ಯೂರೋ 80 ಸೆಂಟಿಗೆ ತಂದು, ಆ ರಾತ್ರಿಯೇ ಒಂದರ ಬಿರಡೆ ತೆಗೆದು ಕುಡಿದಾಗ, ಹಸಿ ಅಡಿಕೆ ಅಗಿದಂತೆ ಬಾಯೆಲ್ಲ ಒಗರಾಗಿ ಒಸಡು ಬಿಗಿದುಕೊಂಡಿತು. ಅದನ್ನು ಮಾಡುವ ‘ತನ್ನಾ’ ಎಂಬ ದ್ರಾಕ್ಷಿಯ ಗುಣವೇ ಅದೆಂದು ತಿಳಿಯದೆ, ಸಿಟ್ಟಿನಲ್ಲಿ ಐದನ್ನು ಅವರಿವರಿಗೆ ಕೊಟ್ಟುಬಿಟ್ಟೆ. ಕಳೆದ ಚಳಿಗಾಲದಲ್ಲಿ ಉಳಿದವುಗಳಲ್ಲಿ ಒಂದನ್ನು ಎರಡು ಗಂಟೆ ಮೊದಲೇ ಹೂಜಿಗೆ ಬಗ್ಗಿಸಿಟ್ಟು ಬಾತುಕೋಳಿ ಮಾಂಸದೊಡನೆ ಕುಡಿದೆವು. ಒಗರು ಮಾಗಿ ಮೃದುವಾಗಿತ್ತು. ಕೊಟ್ಟುಬಿಟ್ಟ ಆ 47 ಯೂರೋ ಇಂದಿಗೂ ಚುಚ್ಚುತ್ತದೆ.

ನಾಂತ್‌ನಿಂದ: ಆರು ವರ್ಷ ಕಾಯಿಸುವ ವೈನನ್ನು ಅಗ್ಗವೆಂದು ಹೇಗೆ ಕರೆಯುತ್ತೀರಿ? ನಾನು ಮ್ಯೂಸ್ಕಾದೆ ಎಂಬ ಬಿಳಿ ವೈನನ್ನು 6 ಯೂರೋ 80 ಸೆಂಟಿಗೆ ಕೊಂಡು ಅದೇ ಸಂಜೆ ಮೀನಿನೊಡನೆ ಕುಡಿಯುತ್ತೇನೆ. 1709ರ ಕಡುಚಳಿಗೆ ಇಲ್ಲಿನ ಹಳೆಯ ಬಳ್ಳಿಗಳು ಸತ್ತ ಮೇಲೆ ಹಬ್ಬಿದ ಮೆಲೋಂ ದ್ರಾಕ್ಷಿಯ ರಸ, ಹುದುಗಿನ ಗಸಿಯ ಮೇಲೆಯೇ ಚಳಿಗಾಲ ಕಳೆದು ನೇರವಾಗಿ ಬಾಟಲಿಗೆ ಇಳಿಯುವುದರಿಂದ ಅದಕ್ಕೊಂದು ಚುರುಕು ಬರುತ್ತದೆ. ನಾನು ಸೋತದ್ದು ಎರಡೇ ಸಲ. ಬೆಂಗಳೂರಿಗೆ ಮೂರು ಬಾಟಲಿ ಒಯ್ದೆ. ಸುಂಕವಿಲ್ಲದೆ ಒಯ್ಯಬಹುದಾದದ್ದು ಎರಡು ಲೀಟರ್, ನನ್ನ ಬಳಿಯಿದ್ದದ್ದು ಎರಡೂಕಾಲು, ಹೆಚ್ಚಿನದಕ್ಕೆ ಸುಂಕ ತೆತ್ತೆ. ಇನ್ನೊಮ್ಮೆ ಜುರಾ ಸೀಮೆಯ ವ್ಯಾಂ ಜೋನ್ ಎಂಬ ಹಳದಿ ವೈನಿಗೆ 38 ಯೂರೋ ಸುರಿದೆ. ಕೆಟ್ಟುಹೋದ ಅಕ್ರೋಟಿನ ವಾಸನೆ, ಅತಿಥಿಗಳು ಲೋಟ ಮುಟ್ಟಲಿಲ್ಲ.

ಬೆಸಾಂಸೋಂನಿಂದ: ಕೆಟ್ಟುಹೋದದ್ದು ಎನ್ನಬೇಡಿ, ಓದಿ ಬಹಳ ನೋವಾಯಿತು. ಸವಾನ್ಯಾಂ ದ್ರಾಕ್ಷಿಯ ಆ ವೈನನ್ನು ಪೀಪಾಯಿಯಲ್ಲಿ ಆರು ವರ್ಷ ಮೂರು ತಿಂಗಳು, ಆವಿಯಾದಷ್ಟನ್ನು ಮತ್ತೆ ತುಂಬದೆ, ಹುದುಗಿನ ತೆಳು ಪೊರೆಯ ಕೆಳಗೆ ಬಿಡುತ್ತಾರೆ. ಅಕ್ರೋಟಿನ ಪರಿಮಳ ಹುಟ್ಟುವುದೇ ಅಲ್ಲಿ. ಒಂದು ಲೀಟರಿನಲ್ಲಿ ಉಳಿಯುವುದು ಇಷ್ಟೇ ಎಂದು ಅದರ ಬಾಟಲಿಯೂ 62 ಸೆಂಟಿಲೀಟರಿನದು. ಅಂಥ ಮೂರನ್ನು ನಾನು ತಂದೆಯವರಿಗೆ ಒಯ್ದಿದ್ದೇನೆ: 1.86 ಲೀಟರ್, ಒಂದು ಪೈಸೆ ಸುಂಕವಿಲ್ಲ. ಅದನ್ನು ತಣ್ಣಗೆ ಕೊಟ್ಟಿರಾ? ಕೋಂತೆ ಚೀಸ್ ಜೊತೆಗಿತ್ತೇ?

ನಾಂತ್‌ನಿಂದ: ತಣ್ಣಗೆಯೇ ಕೊಟ್ಟೆ, ಚೀಸ್ ಇರಲಿಲ್ಲ. ನಿಮ್ಮ ಲೀಟರಿನ ಲೆಕ್ಕ ಒಪ್ಪಿದೆ. ಆದರೆ ಬಾಟಲಿಗೆ 10 ಯೂರೋ ಇಟ್ಟುಕೊಂಡು ಕೇಳಿದವರ ಮುಂದೆ 38 ಯೂರೋ ವೈನನ್ನು ಹೊಗಳುವುದು ಅನ್ಯಾಯ.

ಬೆಸಾಂಸೋಂನಿಂದ: ಆ ಮಾತು ತೆಗೆದವರು ನೀವು, ನಾನಲ್ಲ. ಜುರಾದ ಕ್ರೆಮಾಂ ಎಂಬ ನೊರೆಯುಕ್ಕುವ ವೈನ್ ನನಗೆ 10 ಯೂರೋಗೇ ಸಿಕ್ಕಿದೆ.

ಪೋ ಊರಿನಿಂದ: ನನ್ನಲ್ಲಿ ಇನ್ನೂ ಐದು ಮಾದಿರಾಂ ಉಳಿದಿವೆ. ತುಲೂಸ್‌ನವರು ಬಂದರೆ ಒಂದನ್ನು ಕೊಡುತ್ತೇನೆ, ಹೂಜಿಗೆ ಬಗ್ಗಿಸದೆ ಕುಡಿಯುವುದಿಲ್ಲವೆಂದು ಮಾತು ಕೊಡಬೇಕು.