ಸಮುದ್ರ ತೀರಕ್ಕೆ ಐದು ಸೆಂಟ್: ಮೇಯರ್ ಸುಟ್ರೋ ಗೆದ್ದರೇ, ಸೋತರೇ?

ಪ್ರಶ್ನೆ

ಕಳೆದ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಂಡ್ಸ್ ಎಂಡ್‌ನಲ್ಲಿ ಸುಟ್ರೋ ಸ್ನಾನಗೃಹದ, ಅಂದರೆ ಹಳೆಯ ಸಾರ್ವಜನಿಕ ಈಜುಕೊಳಗಳ ಕಟ್ಟಡದ, ಅವಶೇಷಗಳನ್ನು ನೋಡಿ ಬಂದೆವು. ಈಗ ಉಳಿದಿರುವುದು ಮುರಿದ ಕಾಂಕ್ರೀಟ್ ಗೋಡೆಗಳು, ಅವುಗಳ ನಡುವೆ ನಿಂತ ಹಸಿರು ನೀರು, ಅಷ್ಟೇ. ಇದನ್ನು ಕಟ್ಟಿಸಿದ ಅಡಾಲ್ಫ್ ಸುಟ್ರೋ ಜರ್ಮನಿಯಿಂದ ವಲಸೆ ಬಂದವರು, ಮುಂದೆ ಈ ನಗರದ ಮೇಯರ್ ಆದರು ಎಂದು ತಿಳಿಯಿತು. ಹೊರಗಿನಿಂದ ಬಂದವರನ್ನು ಜನ ಯಾಕೆ ಆರಿಸಿದರು? ಬರೀ ಹಣದ ಬಲವೇ? ಬಲ್ಲವರು ತಿಳಿಸಿ.

ಉತ್ತರ 1

ಹಣವಿತ್ತು, ನಿಜ. ಆದರೆ ಜನ ವೋಟು ಹಾಕಿದ್ದು ಟ್ರಾಮ್ ಟಿಕೆಟ್ಟಿನ ಜಗಳ ನೋಡಿ. ನಾನು ಮೂವತ್ತು ವರ್ಷ ನಮ್ಮೂರಿನ ನಗರಸಭೆಯಲ್ಲಿ ಗುಮಾಸ್ತನಾಗಿದ್ದವನು. ಈಗ ಮಗಳ ಮನೆಗೆ ಬಂದು ಇಲ್ಲಿದ್ದೇನೆ. ಆ ಕೊಳಗಳ ದಂಡೆಯಲ್ಲಿ ಎಷ್ಟೋ ಸಂಜೆ ಕುಳಿತಿದ್ದೇನೆ, ಸುಟ್ರೋ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಅವರು 1830ರಲ್ಲಿ ಆಖೆನ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. 1850ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ತಂಬಾಕಿನ ಅಂಗಡಿ ಇಟ್ಟರು. ಆಮೇಲೆ ನೆವಾಡದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳತ್ತ ಹೋದರು. ಅಲ್ಲಿ ಗಣಿ ಆಳವಾದಷ್ಟೂ ಬಿಸಿನೀರು ನುಗ್ಗುತ್ತಿತ್ತು, ಉಸಿರಾಡಲು ಗಾಳಿ ಸಾಲುತ್ತಿರಲಿಲ್ಲ. ಬೆಟ್ಟದ ಬುಡದಿಂದ ಸುರಂಗ ಕೊರೆದರೆ ನೀರು ತಾನಾಗಿ ಹರಿದುಹೋಗುತ್ತದೆ, ಒಳಗೆ ಗಾಳಿಯೂ ಆಡುತ್ತದೆ ಎಂದು ಅವರು ಹಟ ಹಿಡಿದರು. ಅಲ್ಲಿನ ಗಣಿ ವ್ಯವಹಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಬ್ಯಾಂಕ್ ಆಫ್ ಕ್ಯಾಲಿಫೋರ್ನಿಯಾದ ದೊಡ್ಡವರು ಅಡ್ಡ ನಿಂತರು. 1869ರ ಏಪ್ರಿಲ್‌ನಲ್ಲಿ ಯೆಲ್ಲೋ ಜಾಕೆಟ್ ಗಣಿಗೆ ಬೆಂಕಿ ಬಿದ್ದು ಮೂವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದಾದ ಮೇಲೆ ಗಣಿ ಕಾರ್ಮಿಕರ ಸಂಘವೇ ಸುರಂಗಕ್ಕೆ 50,000 ಡಾಲರ್ ಕೊಡುವುದಾಗಿ ಮುಂದೆ ಬಂತು. ಸುಮಾರು ಆರು ಕಿಲೋಮೀಟರ್ ಉದ್ದದ ಸುರಂಗ 1878ರಲ್ಲಿ ಮುಗಿಯುವ ಹೊತ್ತಿಗೆ ಒಳ್ಳೆಯ ಅದಿರು ಕರಗುತ್ತಾ ಬಂದಿತ್ತು. ಅವರು ಪಾಲು ಮಾರಿ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿದರು, ಊರ ಪಶ್ಚಿಮದ ಮರಳು ದಿಬ್ಬಗಳನ್ನು ಕೊಂಡರು. ಕಡಲ ಮೇಲಿನ ತಮ್ಮ ತೋಟವನ್ನು ಜನರಿಗೆ ತೆರೆದಿಟ್ಟರು.

ಇನ್ನು ಟಿಕೆಟ್ಟಿನ ವಿಷಯ. ಕಡಲ ತೀರಕ್ಕೆ ಬರುವ ರೈಲಿಗೆ ಸುಟ್ರೋ ದಾರಿ ಬಿಟ್ಟುಕೊಟ್ಟದ್ದು ಐದು ಸೆಂಟಿನ ಒಂದೇ ಟಿಕೆಟ್ ಎಂಬ ಮಾತಿನ ಮೇಲೆ. ಆ ಮಾರ್ಗ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಕೈಸೇರಿದ ಮೇಲೆ, ನಡುವೆ ಗಾಡಿ ಬದಲಿಸುವವರು ಎರಡನೆಯ ಟಿಕೆಟ್ ಕೊಳ್ಳಬೇಕಾಯಿತು. ಲೆಕ್ಕ ಹಾಕಿ ನೋಡಿ: ಐದು ಜನರ ಸಂಸಾರ ಹೋಗಿ ಬರಲು ಅರ್ಧ ಡಾಲರ್ ಇದ್ದದ್ದು ಒಂದು ಡಾಲರ್ ಆಯಿತು. ದಿನಗೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಸುಟ್ರೋ ಬಿಡಲಿಲ್ಲ. 1894ರಲ್ಲಿ ರೈತ-ಕಾರ್ಮಿಕರ ಪರವಾಗಿದ್ದ ಪಾಪ್ಯುಲಿಸ್ಟ್ ಪಕ್ಷದಿಂದ ಮೇಯರ್ ಸ್ಥಾನಕ್ಕೆ ನಿಂತು ಗೆದ್ದರು.

ಕುರ್ಚಿಯಲ್ಲಿ ಕುಳಿತ ಮೇಲೆ ಅವರಿಗೆ ಕೈ ಆಡಿಸಲು ಆಗಲಿಲ್ಲ. ಮೇಲ್ವಿಚಾರಕರ ಮಂಡಳಿಯಲ್ಲಿ (ನಮ್ಮ ನಗರಸಭೆಯಿದ್ದ ಹಾಗೆ) ಹನ್ನೆರಡು ಸದಸ್ಯರು, ಅವರೊಂದಿಗೆ ಹೊಂದಾಣಿಕೆಯೇ ಆಗಲಿಲ್ಲ. ಸಾಮಾನ್ಯ ಸಭೆಯ ನಡವಳಿ ಬರೆದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಹುಮತ ಜೊತೆಗಿಲ್ಲದ ಅಧ್ಯಕ್ಷರ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತದೆ, ಠರಾವಾಗಿ ಹೊರಬರುವುದಿಲ್ಲ. ಸುಟ್ರೋ ಟಿಕೆಟ್ಟಿನ ಜಗಳ ಗೆದ್ದದ್ದು ಮೇಯರ್ ಅಧಿಕಾರದಿಂದಲ್ಲ, ಸ್ವಂತ ಖರ್ಚಿನಲ್ಲಿ ವಿದ್ಯುತ್ ರೈಲು ಹಾಕಿಸಿ. 1896ರಲ್ಲಿ ಅದು ಓಡತೊಡಗಿತು, ಟಿಕೆಟ್ ಐದೇ ಸೆಂಟ್. ಅದೇ ವರ್ಷ ಮಾರ್ಚ್‌ನಲ್ಲಿ ಗಾಜಿನ ಛಾವಣಿಯ ಸ್ನಾನಗೃಹವೂ ತೆರೆಯಿತು.

ಉತ್ತರ 2

ಮೇಲಿನ ಹಿರಿಯರ ಮಾತು ಒಪ್ಪುತ್ತೇನೆ, ಆದರೆ ಒಂದು ಸಂಗತಿ ಬಿಟ್ಟುಹೋಗಿದೆ. 1897ರ ಜುಲೈಯಲ್ಲಿ ಜಾನ್ ಹ್ಯಾರಿಸ್ ಎಂಬ ಕಪ್ಪು ವರ್ಣೀಯರು ಇದೇ ಸ್ನಾನಗೃಹಕ್ಕೆ ಬಂದಾಗ ಕೊಳಕ್ಕಿಳಿಯಲು ಬಿಡಲಿಲ್ಲ. ಅದೇ ವರ್ಷ ಜಾರಿಯಾಗಿದ್ದ ರಾಜ್ಯದ ನಾಗರಿಕ ಹಕ್ಕು ಕಾಯ್ದೆ ಹಿಡಿದು ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು, 100 ಡಾಲರ್ ಪರಿಹಾರ ಪಡೆದರು. ಅಂಬೇಡ್ಕರ್ ಜೊತೆ ದಲಿತರು ಕೆರೆಯ ನೀರು ಮುಟ್ಟಲು ಹೋದಾಗ ಮಹಾಡ್‌ನಲ್ಲಿ ಏನಾಯಿತೆಂದು ಓದಿ ಬೆಳೆದ ನಾವು ಇದನ್ನು ಹೇಳದೆ ಸುಟ್ರೋ ಕಥೆ ಹೇಳಬಾರದು.

ಉತ್ತರ 1 ಬರೆದವರು

ನೀವು ಹೇಳಿದ್ದು ಸರಿ. ನಾನೇ ಬರೆಯಬೇಕಿತ್ತು. ಐದು ಸೆಂಟ್ ಎಲ್ಲರ ಕೈಯಲ್ಲೂ ಒಂದೇ ಎಂದು ಹೋರಾಡಿದವರ ಕೊಳದ ಬಾಗಿಲಲ್ಲೇ ಅದಾಯಿತು ಎಂಬುದು ನನಗೆ ಇಂದಿಗೂ ನೋವು. ಆ ವೇಳೆಗೆ ಸುಟ್ರೋ ಮೇಯರ್ ಆಗಿ ಉಳಿದಿರಲಿಲ್ಲ, ಮರುವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಆದರೆ ಸ್ನಾನಗೃಹ ಅವರದೇ ಆಗಿತ್ತು, ಹೊಣೆಯೂ ಅವರದೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಮಕ್ಕಳೊಂದಿಗೆ ಇನ್ನೊಮ್ಮೆ ಹೋಗುತ್ತೇನೆ. ಅಷ್ಟು ದೊಡ್ಡ ಕೊಳಗಳಿಗೆ ನೀರು ಹೇಗೆ ತುಂಬುತ್ತಿದ್ದರು?

ಉತ್ತರ 1 ಬರೆದವರು

ಉಬ್ಬರದ ಅಲೆಗಳೇ ತುಂಬುತ್ತಿದ್ದವು. ಅವಶೇಷಗಳ ಉತ್ತರಕ್ಕೆ ಬಂಡೆಯಲ್ಲಿ ಕೊರೆದ ಸುರಂಗವೊಂದಿದೆ, ಅದರೊಳಗೆ ನಿಂತರೆ ಕೆಳಗೆ ಅಲೆ ಬಡಿಯುವ ಸದ್ದು ಕೇಳುತ್ತದೆ. ಮಕ್ಕಳ ಕೈ ಬಿಡಬೇಡಿ, ಗೋಡೆಗಳ ಮೇಲೆ ಪಾಚಿ ಜಾರುತ್ತದೆ.